ಲಾಟರಿಯಲ್ಲಿ ಮನೆ ಪಡೆದ ಹೊಸ ನೆರೆಯವರಿಗೆ

ಈಕ್ವಡಾರ್‌ನಿಂದ ಬಂದು ನಮ್ಮ ಬಡಾವಣೆಯ ತುದಿಯಲ್ಲಿ ಮನೆ ಕೊಂಡಿರುವ ದಂಪತಿಗಳಿಗೆ, ನ್ಯೂಜೆರ್ಸಿಯ ಮೂರು ಕಾರು ಗ್ಯಾರೇಜಿನ ಕನ್ನಡಿಗನ ನಮಸ್ಕಾರಗಳು.

ನಿಮ್ಮ ಗೃಹಪ್ರವೇಶಕ್ಕೆ ಬರಲಾಗಲಿಲ್ಲ. ಅಂದು ಸಂಜೆಯೇ ಟೌನ್‌ಶಿಪ್ ಸಭೆಯಲ್ಲಿ ನಿಮ್ಮಂಥವರಿಗಾಗಿ ಇನ್ನಷ್ಟು ಮನೆ ಕಟ್ಟುವುದರ ವಿರುದ್ಧ ನಾನು ಮಾತಾಡಬೇಕಿತ್ತು. ತಪ್ಪು ತಿಳಿಯಬೇಡಿ, ವಲಸಿಗರೆಂದರೆ ನನಗೆ ಅಭಿಮಾನ; ನಾನೇ ವಲಸಿಗ. ಎಚ್-1ಬಿ ವೀಸಾದಲ್ಲಿ ಬಂದು, ಎಡಿಸನ್‌ನ ಬಾಡಿಗೆ ಮನೆಯಲ್ಲಿ ಕೋಣೆಗೆ ಮೂವರಂತೆ ಮಲಗಿ, ಅನ್ನ-ಸಾರಿನಲ್ಲೇ ದಿನ ದೂಡಿದವನು. ಆದರೆ ನಾನು ಬಂದದ್ದು ಬಾಗಿಲು ತೆರೆದಿದ್ದಾಗ. ಒಳಗೆ ಬಂದವನು ಅಗುಳಿ ಹಾಕಿಕೊಳ್ಳದಿದ್ದರೆ ಮನೆಯ ಯಜಮಾನ ಹೇಗಾದಾನು?

ಸಭೆಯಲ್ಲಿ ನಿಮ್ಮನ್ನು ಯಾರೂ ಬೈಯಲಿಲ್ಲ, ನಾವು ಸುಸಂಸ್ಕೃತರು. ಮೊದಲು ಟ್ರಾಫಿಕ್ ಬಂತು, ಆಮೇಲೆ ಶಾಲೆ, ಕೊನೆಗೆ ಕಪ್ಪೆಗಳು. ಜೌಗು ನೆಲದ ಕಪ್ಪೆಗಳಿಗಾಗಿ ಒಬ್ಬರಂತೂ ಗದ್ಗದಿತರಾದರು. ನಮ್ಮ ಬಡಾವಣೆ ಏಳುವ ಮುಂಚೆ ಇಲ್ಲಿದ್ದದ್ದು ಮೆಕ್ಕೆಜೋಳದ ಹೊಲ. ಆಗಿನ ಕಪ್ಪೆಗಳು ತಕರಾರು ಅರ್ಜಿ ಹಾಕಿರಲಿಲ್ಲ. ವಯಸ್ಸಾದವರಿಗೆ ಮಾತ್ರ ಕಟ್ಟುವುದಾದರೆ ನಮ್ಮ ಅಡ್ಡಿಯಿಲ್ಲ. ಮಕ್ಕಳಿದ್ದರೆ ಶಾಲೆಗೆ ಬರುತ್ತವೆ, ಶಾಲೆಗೆ ಬಂದರೆ ನನ್ನ ಆಸ್ತಿ ತೆರಿಗೆ ಏರುತ್ತದೆ. ನನ್ನ ಮಕ್ಕಳ ಮಾತು ಬೇರೆ. ಅವರಿಗಾಗಿಯೇ ಅಲ್ಲವೇ ಆ ಶಾಲೆ ಇರುವುದು.

ಕಡಿಮೆ ಆದಾಯದವರಿಗೂ ನಮ್ಮಂಥ ಊರಲ್ಲಿ ಮನೆ ಸಿಗುವುದಕ್ಕೆ ಮೂಲ, ಮೌಂಟ್ ಲಾರೆಲ್ ಎಂಬ ಊರಿನ ಎಥೆಲ್ ಲಾರೆನ್ಸ್ ಎಂಬ ಕಪ್ಪು ಮಹಿಳೆ. ತಲೆಮಾರುಗಳಿಂದ ಅಲ್ಲೇ ಬಾಳಿದ ಮನೆತನ. ಕೋಳಿಗೂಡುಗಳನ್ನು ತಿದ್ದಿಕೊಂಡು ವಾಸವಿದ್ದ ಬಡವರಿಗೆ 36 ಅಪಾರ್ಟ್‌ಮೆಂಟ್ ಕಟ್ಟಲು ಬಿಡಿ ಎಂದರು, ಊರು ಒಪ್ಪಲಿಲ್ಲ. ಸುಮ್ಮನಿರಬಾರದೇ? ಕೋರ್ಟಿಗೆ ಹೋದರು. ಬೆಳೆಯುವ ಊರುಗಳು ಬಡವರ ಮನೆಗೂ ತಮ್ಮ ಪಾಲಿನ ಜಾಗ ಕೊಡಲೇಬೇಕೆಂದು 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಊರುಗಳು ಕೇಳಿಸಿಕೊಳ್ಳಲಿಲ್ಲ, 1983ರಲ್ಲಿ ಗದರಿಸಿ ಹೇಳಿತು. ಆಮೇಲೆ ರಾಜ್ಯ ತಂದ 1985ರ ಕಾಯಿದೆಯಲ್ಲಿ ಮಾತ್ರ ಒಂದು ಸೊಗಸಾದ ಸಂದು ಇತ್ತು: ಒಂದು ಊರು ತನ್ನ ಪಾಲಿನ ಅರ್ಧದಷ್ಟು ಮನೆಗಳನ್ನು ದುಡ್ಡು ಕೊಟ್ಟು ಬೇರೆ ಊರಿನ ಮೇಲೆ ಹೊರಿಸಬಹುದಿತ್ತು. ಎಳ್ಳು ದಾನ ಕೊಟ್ಟು ಶನಿಯನ್ನು ದಾಟಿಸಿದ ಹಾಗೆ! ಇಂಥ ಸನಾತನ ಏರ್ಪಾಡನ್ನು 2008ರಲ್ಲಿ ರದ್ದು ಮಾಡಿದರು.

ಎಥೆಲ್ ತೀರಿಕೊಂಡ ಮೇಲೆ ಮೌಂಟ್ ಲಾರೆಲ್‌ನಲ್ಲಿ ಆಕೆಯ ಹೆಸರಲ್ಲೇ 140 ಬಾಡಿಗೆ ಮನೆಗಳು ಎದ್ದವು. ಅದರಿಂದ ಸುತ್ತಲಿನ ಮನೆಗಳ ಬೆಲೆ ಇಳಿದಿಲ್ಲ, ಅಪರಾಧ ಹೆಚ್ಚಿಲ್ಲ, ತೆರಿಗೆ ಏರಿಲ್ಲ ಎಂದು ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಸಂಗಡಿಗರು 2013ರಲ್ಲಿ ಪುಸ್ತಕವನ್ನೇ ಬರೆದರು. ನಾನು ಓದಿಲ್ಲ. ಅಂಥವನ್ನು ಓದಿದರೆ ಸಭೆಯಲ್ಲಿ ಮಾತಾಡಲು ಬಾಯಿ ಬರುವುದಿಲ್ಲ.

ನನ್ನ ಹೊಟ್ಟೆಯುರಿ ಇಷ್ಟೇ: ನಿಮ್ಮದು ಸರ್ಕಾರದ ನೆರವಿನ ಮನೆ, ನನ್ನದು ಸ್ವಂತ ಬೆವರಿನದು. ಏಳೂವರೆ ಲಕ್ಷ ಡಾಲರ್‌ವರೆಗಿನ ಸಾಲದ ಬಡ್ಡಿಯನ್ನು ನಾನು ಪ್ರತಿವರ್ಷ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುತ್ತೇನಲ್ಲ, ಅದು ನೆರವಲ್ಲ, ವಿನಾಯಿತಿ. ನೀವೋ, ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ, ತೆರಿಗೆ ಕಾಗದ ಎಲ್ಲ ಒಪ್ಪಿಸಿ, ಆದಾಯ ಸುತ್ತಲಿನ ಜಿಲ್ಲೆಗಳ ಮಧ್ಯಾಂಕ ಆದಾಯದ ಶೇ. 80 ಮುಟ್ಟಿಲ್ಲವೆಂದು ಸಾಬೀತುಪಡಿಸಿ, ಲಾಟರಿಯಲ್ಲಿ ಹೆಸರು ಬರಲೆಂದು ಕಾದು, ಬ್ಯಾಂಕ್ ಸಾಲವನ್ನೂ ತಲೆಯ ಮೇಲೆ ಹೊತ್ತಿರಿ. ಇಷ್ಟು ಸುಲಭವಾಗಿ ಮನೆ ಸಿಕ್ಕರೆ ಅದರ ಬೆಲೆ ತಿಳಿಯುವುದು ಹೇಗೆ?

ಬೆಲೆ ಅಂದಾಗ ನೆನಪಾಯಿತು. ಕನಿಷ್ಠ 30 ವರ್ಷ ನೀವದನ್ನು ಪೇಟೆ ಬೆಲೆಗೆ ಮಾರುವಂತಿಲ್ಲವಂತೆ. ಮಾರಿದರೂ ನಿಮ್ಮಂಥ ಇನ್ನೊಬ್ಬರಿಗೆ, ಮಿತಿ ಹಾಕಿದ ದರಕ್ಕೆ. ಬಾಡಿಗೆಗೆ ಕೊಡದೆ ನೀವೇ ವಾಸ ಮಾಡಬೇಕಂತೆ. ಅಯ್ಯೋ, ವಾಸ ಮಾಡುವುದಕ್ಕೆಂದು ಯಾರಾದರೂ ಮನೆ ಕೊಳ್ಳುತ್ತಾರೆಯೇ? ವೈಟ್‌ಫೀಲ್ಡಿನಲ್ಲಿ ನನ್ನವೆರಡು ಫ್ಲ್ಯಾಟುಗಳಿವೆ, ಎರಡಕ್ಕೂ ಬೀಗ. ಬಾಡಿಗೆಯವರು ಬಂದರೆ ಗೋಡೆಗೆ ಮೊಳೆ ಹೊಡೆಯುತ್ತಾರೆ.

ಇಷ್ಟನ್ನೂ ನೀವು ಓದಲಾರಿರಿ ಎಂಬ ಭರವಸೆಯಿಂದ ಕನ್ನಡದಲ್ಲಿ ಬರೆದಿದ್ದೇನೆ. ಮುಂದಿನ ನಾಲ್ಕು ಸಾಲನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿ ನಿಮ್ಮ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ನಮ್ಮ ಅತ್ತೆಯವರಿಗೆ ಸೊಂಟದ ಆಪರೇಷನ್ ಆಗಿದೆ. ನೋಡಿಕೊಳ್ಳುವ ಹೆಂಗಸು ಟ್ರೆಂಟನ್‌ನಿಂದ ಎರಡು ಬಸ್ಸು ಹಿಡಿದು ಬರುತ್ತಾಳೆ, ಹಿಮ ಬಿದ್ದರೆ ಬರುವುದೇ ಇಲ್ಲ. ನಿಮ್ಮ ಮನೆಯಾಕೆ ಮಾಡುವುದೂ ಅದೇ ಕೆಲಸವೆಂದು ಕೇಳಿದೆ, ಇಲ್ಲಿಗಾದರೆ ನಡೆದೇ ಬರಬಹುದು. ಗಂಟೆಗೆ ಎಷ್ಟೆಂದು ತಿಳಿಸಿ. ಬಸ್ಸಿನ ಖರ್ಚು ಉಳಿಯುವುದರಿಂದ ಏಜೆನ್ಸಿಗಿಂತ ಒಂದೆರಡು ಡಾಲರ್ ಕಡಿಮೆಯೇ ಇರಲಿ.