ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ

ಅಕ್ಕನ ಮಗಳು ಸರ್ಕಾರಿ ಪದವಿ ಕಾಲೇಜಿಗೆ ಬಿ.ಎಸ್ಸಿ. ಸೇರಿದಳು. ಮೊದಲ ದಿನ ಅವಳ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಗೇಟಿಗೆ ಎರಡು ಬಾಳೆಕಂದು ಕಟ್ಟಿದ್ದರು. ನಡುವೆ ಫ್ಲೆಕ್ಸು. ಮೇಲೆ ದಪ್ಪಕ್ಷರದಲ್ಲಿ ‘ನೂತನ ವಿದ್ಯಾರ್ಥಿಗಳಿಗೆ ಹಾರ್ದಿಕ ಸುಸ್ವಾಗತ’, ಕೆಳಗೆ ಕೈಮುಗಿದ ಹನ್ನೊಂದು ಮುಖ. ಹನ್ನೊಂದರಲ್ಲಿ ಒಂದಕ್ಕೂ ಐವತ್ತಕ್ಕಿಂತ ಕಡಿಮೆಯಿಲ್ಲ.

‘ಇವರೆಲ್ಲ ನನ್ ಕ್ಲಾಸಾ ಮಾಮ?’ ಅಂದಳು ಹುಡುಗಿ.

ಹತ್ತು ಗಂಟೆಗೆ ಕಾರ್ಯಕ್ರಮ. ಒಂಬತ್ತೂವರೆಗೇ ಮಕ್ಕಳನ್ನು ಸಭಾಂಗಣಕ್ಕೆ ತುಂಬಿ ಬಾಗಿಲು ಎಳೆದುಕೊಂಡರು. ಹತ್ತೂವರೆಗೆ ಮೈಕಿನಲ್ಲಿ, ‘ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ.’ ಹನ್ನೊಂದಕ್ಕೂ ದಾರಿಯಲ್ಲೇ ಇದ್ದರು. ಈ ನಾಡಿನಲ್ಲಿ ಮುಖ್ಯ ಅತಿಥಿಗಳಷ್ಟು ಹೊತ್ತು ರಸ್ತೆ ಮೇಲಿರುವವರು ಲಾರಿ ಡ್ರೈವರುಗಳೂ ಅಲ್ಲ.

ಈ ಹಬ್ಬಕ್ಕೆ ಯುಜಿಸಿ ಇಟ್ಟ ಹೆಸರು ದೀಕ್ಷಾರಂಭ. 2019ರಲ್ಲಿ ಅದಕ್ಕೆಂದೇ ಒಂದು ಕೈಪಿಡಿಯನ್ನೂ ತಂದಿದ್ದಾರೆ. ಎಂಜಿನಿಯರಿಂಗಿನವರಿಗಂತೂ ಎಐಸಿಟಿಇ ಮೂರು ವಾರವನ್ನೇ ಎತ್ತಿಟ್ಟಿದೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಒಂದಿಷ್ಟು ಕಲೆ, ಸಾಹಿತ್ಯ, ಊರು ನೋಡುವುದು, ಮೇಷ್ಟರೊಬ್ಬರ ಸುತ್ತ ಸಣ್ಣ ಗುಂಪಾಗಿ ಕೂತು ಮಾತು. ಓದುತ್ತಿದ್ದರೆ ನನಗೇ ಇನ್ನೊಂದು ಸಲ ಸೇರಿಬಿಡೋಣ ಅನ್ನಿಸಿತು. ಹಳ್ಳಿಯಿಂದ ಬಂದ ಮಗು ಬೆದರದಿರಲಿ ಎಂದು ಇದನ್ನು ಬರೆದವರು ಪುಣ್ಯಾತ್ಮರೇ. ಆದರೆ ದಿಲ್ಲಿಯಲ್ಲಿ ನೇಯ್ದ ಬಟ್ಟೆ ನಮ್ಮ ಕಾಲೇಜಿನ ನೀರಿಗೆ ಬಿದ್ದರೆ ಸಿಕ್ಕಾಪಟ್ಟೆ ಕುಗ್ಗುತ್ತದೆ. ಅವಳ ಕಾಲೇಜಿನಲ್ಲಿ ದೀಕ್ಷೆಗೆ ಸಿಕ್ಕಿದ್ದು ಒಂದು ದಿನ, ಒಂದು ಪೊಟ್ಟಣ ಪುಳಿಯೋಗರೆ.

ಹನ್ನೊಂದೂ ಮುಕ್ಕಾಲಿಗೆ ಅತಿಥಿಗಳು ಬಂದರು. ನಾಡಗೀತೆ ಚೆನ್ನಾಗಿತ್ತು, ಬೇಗ ಮುಗಿಯಿತು. ಯಾಕೆಂದರೆ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಅದೇ ಆದೇಶದಲ್ಲಿ ಸ್ವಾಗತ ಭಾಷಣಕ್ಕೂ ಒಂದು ಸಾಲು ಸೇರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ಸ್ವಾಗತಕಾರರು ವೇದಿಕೆಯ ಎಡತುದಿಯಿಂದ ಹಿಡಿದು ಬಲತುದಿಯವರೆಗೆ ಒಬ್ಬೊಬ್ಬರನ್ನೂ ಅವರವರ ಬಿರುದು ಬಾವಲಿ ಸಮೇತ ಸ್ವಾಗತಿಸಿದರು. ಪತ್ರಿಕಾ ಮಿತ್ರರನ್ನು ಸ್ವಾಗತಿಸಿದರು. ಬಾರದಿರುವ ಶಾಸಕರನ್ನೂ ಸ್ವಾಗತಿಸಿದರು. ಕಡೆಗೆ, ಸಾರಿಗೆ ಉಪ್ಪು ಮರೆತವರಂತೆ ತಿರುಗಿ ಬಂದು, ‘ಹಾಗೇ ಮುದ್ದು ವಿದ್ಯಾರ್ಥಿಗಳನ್ನೂ’ ಎಂದರು.

ಆಮೇಲೆ ಸನ್ಮಾನ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಸುತ್ತೋಲೆ ಬಂದಿತ್ತು. ಕಾಲೇಜು ಅದನ್ನು ಶಿರಸಾ ಪಾಲಿಸಿತು. ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಪುಸ್ತಕವನ್ನೂ ಕೊಟ್ಟಿತು.

ಇವನ್ನೆಲ್ಲ ತಟ್ಟೆಯಲ್ಲಿಟ್ಟು ಹಿಡಿದು ನಿಂತಿದ್ದವರು ಒಬ್ಬ ತೆಳ್ಳಗಿನ ಮೇಷ್ಟರು. ರಸಾಯನಶಾಸ್ತ್ರದವರು, ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಹತ್ತು ಸಾವಿರಕ್ಕೂ ಹೆಚ್ಚಿದ್ದಾರೆ. ಕನ್ನಡದಲ್ಲಿ ಅತಿಥಿ ಎಂಬ ಒಂದೇ ಮಾತಿಗೆ ಎಷ್ಟು ಅಂತರ ನೋಡಿ. ಒಬ್ಬ ಅತಿಥಿ ವರ್ಷಕ್ಕೊಂದು ದಿನ ಬಂದು ಶಾಲು ಹೊದೆಯುತ್ತಾನೆ. ಇನ್ನೊಬ್ಬ ಅತಿಥಿ ಹದಿನೈದು ವರ್ಷದಿಂದ ದಿನಾ ಬಂದು ಪಾಠ ಮಾಡುತ್ತಾನೆ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಾನೆ, ಮೊದಲನೆಯವನಿಗೆ ಹೊದಿಸುವ ಶಾಲಿನ ಮಡಿಕೆ ಬಿಡಿಸಿ ಕೊಡುತ್ತಾನೆ.

ಮುಖ್ಯ ಅತಿಥಿಗಳು ಮಾತಿಗೆ ನಿಂತರು. ‘ನಾನೂ ಇದೇ ಕಾಲೇಜಿನ ಹಿರಿಯ ವಿದ್ಯಾರ್ಥಿ’ ಎಂದು ಶುರು ಮಾಡಿ, ಬೀದಿದೀಪದ ಕೆಳಗೆ ಓದಿ ಮೇಲೆ ಬಂದವರ ಹೆಸರು ಹೇಳತೊಡಗಿದರು. ಬೀದಿದೀಪ ಹುಟ್ಟುವ ಮೊದಲೇ ತೀರಿಕೊಂಡವರೂ ಆ ಪಟ್ಟಿಯಲ್ಲಿದ್ದರು. ಒಂದು ಗಂಟೆ ಹತ್ತು ನಿಮಿಷ.

ನಾನು ಹಿಂದಿನ ಸಾಲಿನಲ್ಲಿ ಕೂತು, ಬೆಳಿಗ್ಗೆ ಸಹಿ ಮಾಡಿಸಿಕೊಂಡಿದ್ದ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ತಿರುವಿ ನೋಡಿದೆ. ಆ ನಿಯಮ ನಗುವ ವಿಷಯವಲ್ಲ. ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹುಡುಗನೊಬ್ಬ ಹೊಡೆತ ತಿಂದು ಸತ್ತ 2009ರಲ್ಲೇ ಯುಜಿಸಿ ಅದನ್ನು ತಂದಿದ್ದು. ವಿದ್ಯಾರ್ಥಿ, ಪೋಷಕ ಇಬ್ಬರೂ ಬರೆದು ಕೊಡಬೇಕು. ಹಿರಿಯ ವಿದ್ಯಾರ್ಥಿಯೊಬ್ಬ ಹೊಸಬರ ಓದಿಗೆ ಅಡ್ಡಿಯಾಗುವಂಥದ್ದೇನು ಮಾಡಿದರೂ ರ‍್ಯಾಗಿಂಗೇ ಎಂದು ಅದು ಹೇಳುತ್ತದೆ. ನಾನು ವೇದಿಕೆಯ ಕಡೆ ನೋಡಿದೆ. ಹಿರಿಯ ವಿದ್ಯಾರ್ಥಿ ಎಂದು ಅವರೇ ಮೈಕಿನಲ್ಲಿ ಒಪ್ಪಿಕೊಂಡಿದ್ದರು. ಮುನ್ನೂರು ಸಾಕ್ಷಿಗಳಿದ್ದರು, ಅರ್ಧದಷ್ಟು ಮಂದಿ ನಿದ್ದೆಯಲ್ಲಿದ್ದರೂ. ಸಹಾಯವಾಣಿಗೆ ಫೋನ್ ಮಾಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಅಷ್ಟರಲ್ಲಿ ಫೋಟೋದವನು ಬಂದ. ಹಿಂದಿನ ಹುಡುಗರನ್ನೆಲ್ಲ ಎಬ್ಬಿಸಿ ಮುಂದಿನ ಖಾಲಿ ಕುರ್ಚಿಗಳಿಗೆ ತುಂಬಿದ. ‘ನ್ಯಾಕ್‌ಗೆ ಕಳಿಸ್ಬೇಕು, ಎಲ್ರೂ ನಗ್ರಿ’ ಎಂದ. ಕಾಲೇಜಿಗೆ ಮಾನ್ಯತೆ ಕೊಡುವ ಆ ಸಂಸ್ಥೆಗೆ ಹೋಗುವ ಚಿತ್ರದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು ಮೂಡಬೇಕು. ಮಕ್ಕಳು ಭೂಮಿಯ ಮೇಲೆ ಎಲ್ಲಿ ಕೂತಿದ್ದರೆಂಬುದಕ್ಕೆ ಪಕ್ಕಾ ಪುರಾವೆ ಸಿಕ್ಕಿತು.

ಊಟವಾದ ಮೇಲೆ ‘ಐಸ್ ಬ್ರೇಕಿಂಗ್’. ನಮ್ಮೂರಿನಲ್ಲಿ ಐಸ್ ಅಂದರೆ ಸೈಕಲ್ ಪೆಟ್ಟಿಗೆಯಲ್ಲಿ ಬರುವ ಐಸ್‌ಕ್ಯಾಂಡಿ. ಮುರಿಯುವುದು ಅಂದರೆ ತಂಗಿಗೆ ಅರ್ಧ ಕೊಡುವುದು. ಇಲ್ಲಿ ಬೇರೆ. ಹೊರಗಿನಿಂದ ಬಂದ ತರಬೇತುದಾರ ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿ, ಹಣೆಗಳ ನಡುವೆ ಬಲೂನು ಸಿಕ್ಕಿಸಿ, ನಡೆಯಿರಿ ಎಂದ. ಬಲೂನು ಬಿದ್ದವರು ಔಟ್. ಅಕ್ಕನ ಮಗಳಿಗೆ ಜೋಡಿಯಾಗಿ ಸಿಕ್ಕಿದವಳು ರಾಯಚೂರು ಕಡೆಯ ಹುಡುಗಿ. ಎರಡೇ ಹೆಜ್ಜೆಗೆ ಬಲೂನು ಬಿತ್ತು. ಇಬ್ಬರೂ ಬದುಕಿದೆವೆಂದು ಹೊರಗೋಡಿದರು.

ನಾನು ಹುಡುಕಿಕೊಂಡು ಹೋದರೆ ಗೇಟಿನೆದುರಿನ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಹಾಸ್ಟೆಲ್ಲಿನ ಆಯ್ಕೆ ಪಟ್ಟಿ ಇನ್ನೂ ಬಂದಿರಲಿಲ್ಲ. ಅರ್ಜಿಯ ಇನ್ನೊಂದು ಪ್ರತಿಯನ್ನು ಹಾಸ್ಟೆಲ್ಲಿನವರು ಕೇಳಿದ್ದರಂತೆ. ‘ನಿಮ್ ಕಡಿ ಜಾತಿ ಆದಾಯದ ಸರ್ಟಿಫಿಕೇಟಿಗಿ ಎಷ್ಟ್ ದಿನ ಓಡಾಡ್ಸತಾರ?’ ಅಂತ ಅವಳು ಕೇಳುತ್ತಿದ್ದಳು. ಇವಳು ಬೆರಳು ಮಡಿಸಿ ಎಣಿಸುತ್ತಿದ್ದಳು. ನನ್ನ ಕಡೆ ಇಬ್ಬರಿಗೂ ಗಮನವಿರಲಿಲ್ಲ, ಟ್ರಂಕು ಮಾತ್ರ ನನ್ನ ತಲೆ ಮೇಲೇ ಇತ್ತು.

ಮೊನ್ನೆ ಫೋನ್ ಮಾಡಿದ್ದಳು.

‘ಮಾಮ, ಹಾಸ್ಟೆಲ್ ಸಿಕ್ತು. ನಾವಿಬ್ರೂ ಒಂದೇ ರೂಮು. ಮುಂದಿನ ವರ್ಷದ ಸ್ವಾಗತ ಸಮಿತಿಗೂ ಈಗ್ಲೇ ಹೆಸರು ಕೊಟ್ಟಿದ್ದೀವಿ.’

‘ಅಷ್ಟು ಅನುಭವಿಸಿದ ಮೇಲೂ ಯಾಕಮ್ಮಾ?’

‘ಸಮಿತಿಯವ್ರು ಹಾಲ್ ಒಳಗೆ ಕೂರೋ ಹಂಗಿಲ್ವಂತೆ ಮಾಮ!’