ಸಿಲಿಂಡರಿನ ಮುಹೂರ್ತ

ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ ಪಂಚಾಂಗ ನೋಡಲು ಬರುತ್ತದೆ ಎಂಬುದು ನನ್ನ ಗಟ್ಟಿ ಅನುಮಾನ. ನಾವಿಬ್ಬರೇ ಉಪ್ಪಿಟ್ಟು ತಿನ್ನುವ ದಿನ ಅದು ಖಾಲಿಯಾದದ್ದೇ ಇಲ್ಲ. ಬೀಗರು ಬಂದು ಹೋಳಿಗೆಯ ಕಾವಲಿ ಒಲೆಗೇರಿತೋ, ಉರಿ ಕಣ್ಣು ಮಿಟುಕಿಸಿ ಆರಿಹೋಗುತ್ತದೆ. ತುಂಬಿಸುವುದು 14.2 ಕೆಜಿ ಅಂತ ಮೈಮೇಲೆ ಬರೆದಿರುತ್ತಾರೆ. ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳೊಂದನ್ನು ಮಾತ್ರ ಇಟ್ಟಿಲ್ಲ, ಪುಣ್ಯಾತ್ಮರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳಗೆ ದ್ರವ ಇರುವಷ್ಟು ಎತ್ತರಕ್ಕೆ ತೇವ ನಿಧಾನವಾಗಿ ಆರುತ್ತದೆ. ಹಾಗಾಗಿ ನಾನು ಅದರೆದುರು ಕುಕ್ಕುರುಗಾಲಲ್ಲಿ ಕೂತು ಒರೆಸುತ್ತೇನೆ, ದಿಟ್ಟಿಸುತ್ತೇನೆ.

"ಎಷ್ಟಿದೆ ರೀ?" ಅಂತಾಳೆ ಇವಳು.

"ಅರ್ಧಕ್ಕಿಂತ ಜಾಸ್ತಿ" ಅಂತೀನಿ, ಭಾರೀ ಗಂಭೀರವಾಗಿ.

ಮೊನ್ನೆ ಬೀಗಿತ್ತಿಯೇ ಎದ್ದು ಬಂದು, ಸಿಲಿಂಡರನ್ನು ಒಂದೇ ಕೈಯಲ್ಲಿ ಅಲುಗಾಡಿಸಿ ತೀರ್ಪು ಕೊಟ್ಟರು: "ನಾಳೆ ಬೆಳಗಿನ ಕಾಫಿಗೂ ಸಾಲಲ್ಲ."

ನಿಮ್ಮ ಮನೆಗೂ ಬೀಗರು ಬರುವವರಿದ್ದರೆ ಇವತ್ತೇ ಬುಕ್ ಮಾಡಿಬಿಡಿ.