ಉಂಡ ಮೇಲಿನ ಢವಢವ

ಊಟಕ್ಕೆ ಮುಂಚೆ ಹೆದರುವವರನ್ನು ನಾನು ಬಲ್ಲೆ. ನಾನು ಅಡುಗೆಮನೆಗೆ ಕಾಲಿಟ್ಟ ದಿನ ನಮ್ಮ ಮನೆಮಂದಿಯೆಲ್ಲ ಹೆದರುತ್ತಾರೆ, ಅದಕ್ಕೆ ಕಾರಣವೂ ಇದೆ. ಆದರೆ ಹೊಟ್ಟೆತುಂಬ ಉಂಡು, ತೇಗಿ, ಕೈ ತೊಳೆದುಕೊಂಡು ಬಂದ ಮೇಲೆ ಹೆದರುವವನು ನಮ್ಮ ವಂಶದಲ್ಲಿ ನಾನೊಬ್ಬನೇ.

ಇದು ಬೆಳಕಿಗೆ ಬಂದದ್ದು ನೆಂಟರೊಬ್ಬರ ಮದುವೆಯಲ್ಲಿ. ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ, ಹುಳಿ, ಸಾರು ಎಲ್ಲ ಸಾಲಾಗಿ ಬಂದು ಹೋದವು. ಹೋಳಿಗೆಯ ಹುಡುಗ ಮಾತ್ರ ಹೋಗಲಿಲ್ಲ. ‘ಬೇಡಪ್ಪಾ’ ಎಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಲ್ಲಿ ಜಾಗ ಬಿಟ್ಟದ್ದನ್ನು ಅವನು ನೋಡಿಬಿಟ್ಟ. ನಿಜವಾದ ಬೇಡ ಯಾವುದು, ಬೇಕು ಅನ್ನುವ ಬೇಡ ಯಾವುದು ಎಂಬುದು ಬಡಿಸುವವರಿಗೆ ಗೊತ್ತಿರುತ್ತದೆ. ನಾಲ್ಕಾದವು. ಮೇಲೆ ತುಪ್ಪ. ಆಮೇಲೆ ಬಾದಾಮಿ ಹಾಲಿನಲ್ಲಿ ಕುಸಿದು ಕುಳಿತ ಚಿರೋಟಿ. ಮೊಸರನ್ನ ಮುಗಿಸಿ, ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು, ಬೀಡ ದವಡೆಗಿಟ್ಟು ಛತ್ರದ ಪ್ಲಾಸ್ಟಿಕ್ ಕುರ್ಚಿಗೆ ಮೈ ಒಪ್ಪಿಸಿದೆ.

ಎರಡು ಗಂಟೆ ಕಳೆದಿರಬಹುದು. ಇದ್ದಕ್ಕಿದ್ದಂತೆ ಎದೆ ಢವಢವ. ಅಂಗೈ ಬೆವರಿತು, ಬೆರಳು ಸಣ್ಣಗೆ ನಡುಗಿತು. ಮನೆಯಲ್ಲಿ ಒಲೆ ಆರಿಸಿ ಬಂದೆನೋ ಇಲ್ಲವೋ, ಕರೆಂಟ್ ಬಿಲ್ ಕಟ್ಟಿದೆನೋ ಇಲ್ಲವೋ, ಇಪ್ಪತ್ತು ವರ್ಷದ ಹಿಂದೆ ಯಾರಿಗೋ ಏನೋ ಅಂದದ್ದು ತಪ್ಪಾಯಿತೋ ಏನೋ ಎಂಬ ತಳಮಳ. ಮಗಳು ಕೊಡಿಸಿದ ಸ್ಮಾರ್ಟ್ ವಾಚು ನೋಡಿದೆ. 104 ತೋರಿಸಿ, ‘ಒಂದು ನಿಮಿಷ ನಿಧಾನವಾಗಿ ಉಸಿರಾಡಿ’ ಎಂದಿತು. ಅಲ್ಲಿಯವರೆಗೆ ತಾನಾಗಿ ನಡೆಯುತ್ತಿದ್ದ ಉಸಿರಾಟವೂ ಅಂದಿನಿಂದ ನನ್ನ ಜವಾಬ್ದಾರಿಯಾಯಿತು.

ಛತ್ರದಲ್ಲಿ ಡಾಕ್ಟರುಗಳಿಗೆ ಬರವೇ? ಸೋದರತ್ತೆ ನೆಟಿಕೆ ಮುರಿದು, “ದೃಷ್ಟಿ ಕಣೋ. ನಾಲ್ಕನೇ ಹೋಳಿಗೆ ಮುರಿಯುವಾಗ ಎದುರು ಸಾಲಿನವರೆಲ್ಲ ನಿನ್ನನ್ನೇ ನೋಡ್ತಿದ್ರು” ಎಂದರು. ನನ್ನ ಹೆಂಡತಿಯ ತಮ್ಮ, “ಗ್ಯಾಸು ಭಾವ, ಬರೀ ಗ್ಯಾಸು” ಎಂದು ಸೋಡಾ ತರಲು ಓಡಿದ. ಷಡ್ಡಕರು ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, “ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹೀಗೇ ಆಗಿತ್ತು. ಈಗ ಅವರಿಲ್ಲ” ಎಂದರು.

“ಹೋಗಿಬಿಟ್ಟರಾ?”

“ಹೂಂ. ಹುಬ್ಬಳ್ಳಿಗೆ ವರ್ಗವಾಯಿತು.”

ಅಷ್ಟರಲ್ಲಿ ವಾಚು 118 ಮುಟ್ಟಿತ್ತು.

ಮಾರನೆಯ ದಿನ ಡಾಕ್ಟರ ಬಳಿ ಹೋದೆ. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲ ನೋಡಿದರು. ಎಲ್ಲವೂ ಸರಿ ಇತ್ತು. ಎಲ್ಲವೂ ಸರಿ ಇದ್ದರೆ ನನ್ನಂಥವನಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚು. “ಹಾಗಾದರೆ ಇದೇನು ಸಾರ್?” ಎಂದೆ. ಅವರು ಹಿಂದಿನ ದಿನ ಏನು ತಿಂದೆ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಕೇಳಿದರು. ಹೋಳಿಗೆ ಎರಡು ಎಂದು ತಿದ್ದಿ ಹೇಳಿದೆ.

ಅವರು ವಿವರಿಸಿದ್ದು ಹೀಗೆ. ಹೂರಣದ ಬೆಲ್ಲ, ಕಣಕದ ಮೈದಾ, ಅದರ ಮೇಲೆ ಅನ್ನ ಎಲ್ಲ ಸೇರಿ ಸಕ್ಕರೆಯಾಗಿ ರಕ್ತಕ್ಕೆ ನುಗ್ಗುತ್ತದೆ. ಅದನ್ನು ಸಂಭಾಳಿಸಲು ಇನ್ಸುಲಿನ್ ಬರುತ್ತದೆ. ಕೆಲವರಲ್ಲಿ ಅದಕ್ಕೂ ಮದುವೆಮನೆಯ ಬಡಿಸುವವನ ಹಾಗೆ ಕೈ ದೊಡ್ಡದು. ಉಂಡ ನಾಲ್ಕು ಗಂಟೆಯೊಳಗೆ ಸಕ್ಕರೆ ಸರ್ರನೆ ಇಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕೆಳಗೆ ಹೋಯಿತೆಂದರೆ ದೇಹ ಅಡ್ರಿನಲಿನ್ ಕರೆಸುತ್ತದೆ. ಅದಕ್ಕೆ ಬರುವ ಕೆಲಸ ಒಂದೇ, ‘ಹುಲಿ ಬಂತು’ ಎಂದು ಕೂಗುವುದು. ಢವಢವ, ಬೆವರು, ನಡುಕ ಮೂರೂ ಆ ಕೂಗೇ. ಹುಲಿ ಎಲ್ಲಿದೆ ಎಂದು ಹುಡುಕುವ ಕೆಲಸ ಮನಸ್ಸಿನದು. ಸಿಗದಿದ್ದರೆ ಅದು ಸುಮ್ಮನಿರುವುದಿಲ್ಲ, ತಾನೇ ಒಂದನ್ನು ತಯಾರಿಸಿಕೊಳ್ಳುತ್ತದೆ. “ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ನಿಜಕ್ಕೂ ಅಷ್ಟು ಇಳಿಯುವುದು ಅಪರೂಪ. ಇಳಿಯದೆಯೂ ಹೀಗೆ ಆಗುವವರೇ ಜಾಸ್ತಿ” ಎಂದೂ ಸೇರಿಸಿದರು.

ಭಾವಮೈದನ ಗ್ಯಾಸನ್ನೂ ಅವರು ತಳ್ಳಿಹಾಕಲಿಲ್ಲ. ಹೃದಯ ಕುಳಿತಿರುವುದು ವಪೆಯ ಮೇಲೆ, ಜಠರ ಇರುವುದು ಅದರ ಕೆಳಗೆ. ಜಠರ ಉಬ್ಬಿದರೆ ಮೇಲಿನ ಮನೆಯವರಿಗೆ ತೊಂದರೆ. 20ನೇ ಶತಮಾನದ ಆರಂಭದಲ್ಲಿ ಲುಡ್ವಿಗ್ ರೋಮ್‌ಹೆಲ್ಡ್ ಎಂಬ ಜರ್ಮನ್ ವೈದ್ಯರು ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆಯಂತೆ. ಭಾವಮೈದನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅವನು ಜರ್ಮನಿಯ ಪರವಾಗಿ ಮಾತಾಡುತ್ತಾನೆ.

ಇನ್ನು ಕಾಫಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಎರಡು ಲೋಟದ ಬಾಕಿ ತೀರುವ ಮೊದಲೇ ನಾನು ಊಟದ ಮೇಲೆ ಮೂರನೆಯದನ್ನು ಸಾಲ ಮಾಡುತ್ತಿದ್ದೆ. ವಯಸ್ಸಾದವರಿಗಾದರೆ ಉಂಡ ಎರಡು ಗಂಟೆಯೊಳಗೆ ಬಿಪಿ 20 ಪಾಯಿಂಟ್ ಇಳಿದು ತಲೆ ತಿರುಗಿ ಗಾಬರಿಯಾಗುವುದುಂಟು. ಹುಳಿತೇಗು, ಎದೆಯುರಿ ಇದ್ದವರಿಗೆ ಅದೇ ಭಯಕ್ಕೆ ಪೀಠಿಕೆ. ಒಮ್ಮೆ ಹೆದರಿದವನು ಮುಂದಿನ ಊಟಕ್ಕೆ ಕೂರುವಾಗಲೇ ನಾಡಿ ಹಿಡಿದು ಕೂರುತ್ತಾನೆ. ಹಾಗೆ ಹಿಡಿದು ಕೂತವನ ನಾಡಿ ಓಡದೆ ಇನ್ನೇನು ಮಾಡೀತು?

“ಇದರಲ್ಲಿ ನಿಮ್ಮದು ಯಾವುದು ಅಂತ ನೀವೇ ಹೇಳಬೇಕು. ತಿಂದದ್ದನ್ನೆಲ್ಲ ಬರೆದಿಡಿ” ಎಂದರು ಡಾಕ್ಟರು. ಹತ್ತು ರೂಪಾಯಿಯ ನೋಟ್‌ಬುಕ್ ತಂದು ಬರೆದೆ.

ಮಂಗಳವಾರ: ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಢವಢವ ಇಲ್ಲ.

ಬುಧವಾರ: ಬಿಸಿಬೇಳೆಬಾತ್ ಎರಡು ಸಲ, ಜಾಮೂನು 3, ಕಾಫಿ. ಮೂರೂವರೆಗೆ ಢವಢವ.

ಗುರುವಾರ: ಅದೇ ಬಾತ್ ಒಂದೇ ಸಲ. ಜಾಮೂನು, ಕಾಫಿ ಇಲ್ಲ. ಢವಢವವೂ ಇಲ್ಲ. ಯಾಕಿಲ್ಲ ಎಂದು ಸ್ವಲ್ಪ ಆತಂಕ.

ಸೋಮವಾರ: ಮೊಸರನ್ನ, ಅಷ್ಟೇ. ಎರಡು ಗಂಟೆಗೇ ಜೋರು ಢವಢವ.

ಮುಂದಿನ ಸೋಮವಾರವೂ ಮೊಸರನ್ನ, ಢವಢವ. ಅದರ ಮುಂದಿನ ಸೋಮವಾರವೂ. ಮೊಸರು ನನಗೆ ಒಗ್ಗುವುದಿಲ್ಲವೆಂದು ತೀರ್ಮಾನಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ವಿಜ್ಞಾನಿಯ ಗತ್ತಿನಲ್ಲಿ ಪುಸ್ತಕ ಮೇಜಿನ ಮೇಲಿಟ್ಟೆ. ಹೆಂಡತಿ ಅದನ್ನು ಕೈಗೆತ್ತಿಕೊಂಡು ಎರಡು ಪುಟ ತಿರುವಿದಳು.

“ಸೋಮವಾರ ಎರಡೂವರೆಗೆ ನಿಮಗೇನಿದೆ?”

“ರಿವ್ಯೂ ಮೀಟಿಂಗು. ಸಾಹೇಬರು ಪೆಂಡಿಂಗ್ ಫೈಲು ಕೇಳ್ತಾರೆ.”

“ಮತ್ತೆ ಮೊಸರನ್ನದ ಮೇಲೆ ಯಾಕೆ ಅಪವಾದ ಹೊರಿಸ್ತೀರಿ?”

ಇಸಿಜಿಗೂ ಸಿಗದ ಕಾಯಿಲೆ ಅವಳಿಗೆ ಒಂದು ನಿಮಿಷದಲ್ಲಿ ಸಿಕ್ಕಿತು. ಶುಲ್ಕವಾಗಿ ಆ ವಾರ ಪಾತ್ರೆ ನಾನೇ ತೊಳೆದೆ.

ಈಗ ಸಿಹಿ ಅರ್ಧ, ಕಾಫಿ ಸಂಜೆಗೆ. ಗಾಳಿ ನುಂಗುವ ಅವಸರ ಬಿಟ್ಟು ಅಗಿದು ಉಣ್ಣುತ್ತೇನೆ. ಉಂಡ ಮೇಲೆ ಹತ್ತು ನಿಮಿಷ ನಡೆಯುತ್ತೇನೆ. ಊಟದ ಮೇಲೆ ನೂರಡಿ ಇಡಬೇಕೆಂದು ಸರ್ವಜ್ಞ ಯಾವ ವಾಚೂ ಕಟ್ಟದೆ ಹೇಳಿದ್ದನ್ನು ನಾನು ಅರಿತುಕೊಳ್ಳಲು ಇಷ್ಟೆಲ್ಲ ಖರ್ಚಾಯಿತು. ಬುಧವಾರದ ಢವಢವ ಹೋಗಿದೆ. ಸೋಮವಾರದ್ದು ಇದೆ. ಅದಕ್ಕೆ ಔಷಧಿ ನಿವೃತ್ತಿ, ಇನ್ನೂ ಆರು ವರ್ಷ ಬಾಕಿ.

ನಿಮಗೂ ಉಂಡ ಮೇಲೆ ಎದೆ ಬಡಿದುಕೊಂಡರೆ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರು ಕಟ್ಟುವುದು, ತುಟಿ ಮುಖ ಊದಿಕೊಳ್ಳುವುದು ಇದ್ದರೆ ಭಾವಮೈದನ ಸೋಡಾ ಬರುವವರೆಗೆ ಕಾಯಲೇಬೇಡಿ, ಆಸ್ಪತ್ರೆಗೆ ನಡೆಯಿರಿ. ಎಲ್ಲ ಸರಿಯಿದೆ ಎಂದು ಅವರು ಹೇಳಿದರೆ ಹತ್ತು ರೂಪಾಯಿಯ ನೋಟ್‌ಬುಕ್ ಒಂದನ್ನು ಕೊಂಡು ಪ್ರಾಮಾಣಿಕವಾಗಿ ಬರೆಯಿರಿ. ಬರೆದದ್ದನ್ನು ಮನೆಯವರ ಕೈಗೆ ಸಿಗುವ ಕಡೆ ಇಡಿ.